ನಿಕೋಲಸ್ ಆಫ್ ವರ್ಡನ್

ವರ್ಡನ್‌ನ ನಿಕೋಲಸ್ (ಸುಮಾರು ೧೧೩೦ – ಸುಮಾರು ೧೨೦೫) ಮಧ್ಯಯುಗದ ಯುರೋಪಿನ ಸುಪ್ರಸಿದ್ಧ ಅಕ್ಕಸಾಲಿಗ ಹಾಗೂ ಎನಾಮಲ್ ಕಲಾವಿದ. ಲೋಹದ ಮೇಲೆ ಬಣ್ಣದ ಗಾಜನ್ನು ಕರಗಿಸಿ ಕೂರಿಸುವ ಕಲೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಇವನಿಗೆ ಸಮನಾದವರು ಇರಲಿಲ್ಲವೆಂಬುದು ಕಲಾ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆಸ್ಟ್ರಿಯದ ಕ್ಲೋಸ್ಟರ್‌ನೊಯ್‌ಬುರ್ಗ್ ಮಠದಲ್ಲಿರುವ ಎನಾಮಲ್ ಬಲಿಪೀಠ (೧೧೮೧), ಜರ್ಮನಿಯ ಕಲೋನ್ ಕೆಥೆಡ್ರಲಿನಲ್ಲಿರುವ ಮೂವರು ರಾಜರ ಮಂಜೂಷ ಮತ್ತು ಬೆಲ್ಜಿಯಂನ ಟೂರ್ನೆ ಕೆಥೆಡ್ರಲಿನಲ್ಲಿರುವ ಮಾತೆ ಮರಿಯಳ ಮಂಜೂಷ (೧೨೦೫) ಇವು ಈತನ ಹೆಸರಿನೊಂದಿಗೆ ಸೇರಿಕೊಂಡಿರುವ ಮುಖ್ಯ ಕೃತಿಗಳು.

ಈತನ ಜೀವನದ ಬಗ್ಗೆ ಖಚಿತವಾಗಿ ಹೇಳಲು ಇರುವ ಆಧಾರಗಳು ಎರಡೇ ಎರಡು. ಒಂದು ೧೧೮೧ರ ಶಾಸನ, ಇನ್ನೊಂದು ೧೨೦೫ರ ಶಾಸನ. ಎರಡೂ ಈತ ಮಾಡಿದ ವಸ್ತುಗಳ ಮೇಲೆಯೇ ಬರೆಯಲ್ಪಟ್ಟಿದ್ದವು. ಹುಟ್ಟಿದ ಮತ್ತು ಸತ್ತ ವರ್ಷಗಳೆಂದು ಗ್ರಂಥಗಳಲ್ಲಿ ಕಾಣುವವು ಈ ಎರಡು ದಿನಾಂಕಗಳಿಂದ ಹಿಂದಕ್ಕೂ ಮುಂದಕ್ಕೂ ಲೆಕ್ಕ ಹಾಕಿ ಪಡೆದ ಊಹೆಗಳು. ಆದ್ದರಿಂದ ನಿಕೋಲಸನ ಚರಿತ್ರೆಯೆಂದರೆ ಬಹುಮಟ್ಟಿಗೆ ಅವನ ಕೈಕೆಲಸದ ಚರಿತ್ರೆಯೇ ಆಗಿದೆ. ಅಕ್ಕಸಾಲಿಗರ ಹೆಸರುಗಳು ಉಳಿಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಇಷ್ಟಾದರೂ ಉಳಿದಿರುವುದು ಗಮನಾರ್ಹ.

ಹುಟ್ಟೂರು ಮತ್ತು ಕಲಾ ಪರಿಸರ

ವರ್ಡನ್ ಪಟ್ಟಣ ಇಂದಿನ ಈಶಾನ್ಯ ಫ್ರಾನ್ಸಿನಲ್ಲಿ, ಮ್ಯೂಸ್ ನದಿಯ ದಂಡೆಯ ಮೇಲಿದೆ. ಇಂದಿನ ಓದುಗರಿಗೆ ಈ ಹೆಸರು ಪರಿಚಿತವಾಗಿರುವುದು ೧೯೧೬ರ ಮಹಾಯುದ್ಧದ ಭೀಕರ ಕದನದಿಂದ. ಚರಿತ್ರೆಯ ವಿದ್ಯಾರ್ಥಿಗಳಿಗೆ ಷಾರ್ಲ್‌ಮೇನ್ ಚಕ್ರವರ್ತಿಯ ಮೊಮ್ಮಕ್ಕಳು ಸಾಮ್ರಾಜ್ಯವನ್ನು ಮೂರು ಪಾಲು ಮಾಡಿಕೊಂಡ ೮೪೩ರ ಒಪ್ಪಂದವೂ ನೆನಪಿಗೆ ಬರಬಹುದು. ಆದರೆ ಹನ್ನೆರಡನೆಯ ಶತಮಾನದಲ್ಲಿ ವರ್ಡನ್ ಫ್ರಾನ್ಸಿಗೆ ಸೇರಿರಲಿಲ್ಲ. ಅದು ಲೊರೇನ್ ಪ್ರಾಂತದಲ್ಲಿ, ಪವಿತ್ರ ರೋಮನ್ ಸಾಮ್ರಾಜ್ಯದ ಅಧೀನದಲ್ಲಿದ್ದು, ಧರ್ಮಾಧ್ಯಕ್ಷನೇ ಆಳುತ್ತಿದ್ದ ನಗರವಾಗಿತ್ತು. ಹೀಗಾಗಿ ನಿಕೋಲಸನನ್ನು ಫ್ರೆಂಚ್ ಕಲಾವಿದನೆಂದೋ ಜರ್ಮನ್ ಕಲಾವಿದನೆಂದೋ ಕರೆಯುವುದು ಇಂದಿನ ಗಡಿಗಳನ್ನು ಹಿಂದಿನ ಕಾಲದ ಮೇಲೆ ಎಳೆದಂತಾಗುತ್ತದೆ. ಅವನು ಮ್ಯೂಸ್ ಕಣಿವೆಯ ಕಲಾವಿದ. ಅಷ್ಟು ಹೇಳಿದರೆ ಸಾಕು.

ಈ ಕಣಿವೆಯ ಲಿಯೇಜ್, ವಿ, ಸ್ತಾವ್ಲೊ ಮೊದಲಾದ ಊರುಗಳಲ್ಲಿ ಲೋಹಶಿಲ್ಪವೂ ಎನಾಮಲ್ ಕೆಲಸವೂ ನಿಕೋಲಸನಿಗಿಂತ ಎರಡು ತಲೆಮಾರುಗಳಷ್ಟು ಮೊದಲೇ ಉನ್ನತ ಮಟ್ಟಕ್ಕೆ ಬಂದಿದ್ದವು. ಲಿಯೇಜಿನ ಹಿತ್ತಾಳೆಯ ಸ್ನಾನದೀಕ್ಷೆಯ ತೊಟ್ಟಿ ಆ ಶತಮಾನದ ಎರಡನೆಯ ದಶಕದ್ದು. ಸ್ತಾವ್ಲೊ ಮಠದ ಅಧಿಪತಿ ವಿಬಾಲ್ಡ್ ಚಕ್ರವರ್ತಿಗಳಿಗೆ ಮಂತ್ರಾಲೋಚನೆ ಹೇಳುತ್ತಿದ್ದ ರಾಜಕಾರಣಿಯಾಗಿದ್ದರೂ ಅಕ್ಕಸಾಲಿಗರಿಗೆ ಉದಾರ ಆಶ್ರಯದಾತನಾಗಿದ್ದ. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠದ ಅಧಿಪತಿ ಸುಜೆ ೧೧೪೦ರ ದಶಕದಲ್ಲಿ ಒಂದು ಮಹಾ ಶಿಲುಬೆಯನ್ನು ಮಾಡಿಸಿದಾಗ ಕೆಲಸಗಾರರನ್ನು ಕರೆಸಿದ್ದು ಲೊರೇನ್‌ನಿಂದಲೇ. ಐದರಿಂದ ಏಳು ಮಂದಿ ಅಕ್ಕಸಾಲಿಗರು ಸುಮಾರು ಎರಡು ವರ್ಷ ದುಡಿದರೆಂದು ಅವನು ಲೆಕ್ಕ ಬರೆದಿಟ್ಟಿದ್ದಾನೆ. ಆ ಶಿಲುಬೆಯ ಕಂಬದ ಮೇಲೆ ಹಳೆಯ ಮತ್ತು ಹೊಸ ಒಡಂಬಡಿಕೆಗಳ ಪ್ರಸಂಗಗಳನ್ನು ಜೋಡಿಸಿ ತೋರಿಸುವ ಎನಾಮಲ್ ಚಿತ್ರಗಳಿದ್ದವು. ಇಂದು ಅದರ ಚೂರೂ ಉಳಿದಿಲ್ಲ. ಸೇಂಟ್ ಒಮರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿರುವ ಚಿಕ್ಕ ಶಿಲುಬೆಯ ಪೀಠವೊಂದರಿಂದ ಅದರ ರೂಪವನ್ನು ಊಹಿಸಿಕೊಳ್ಳಬೇಕಾಗಿದೆ. ನಿಕೋಲಸ್ ಈ ಪರಂಪರೆಯಲ್ಲಿಯೇ ಕಸುಬು ಕಲಿತನೆಂಬುದರಲ್ಲಿ ಸಂಶಯವಿಲ್ಲ. ಯಾರ ಬಳಿ ಕಲಿತನೆಂಬುದಕ್ಕೆ ದಾಖಲೆಯಿಲ್ಲ.

ತಾಮ್ರ ಮತ್ತು ಗಾಜು

ನಿಕೋಲಸನ ಸಾಧನೆ ಏನೆಂದು ತಿಳಿಯಲು ಅವನ ಕಸುಬಿನ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎನಾಮಲ್ ಎಂದರೆ ಬಣ್ಣವಲ್ಲ, ಗಾಜು. ಲೋಹದ ಭಸ್ಮಗಳನ್ನು ಬೆರೆಸಿ ಬಣ್ಣ ಬರಿಸಿದ ಗಾಜನ್ನು ಕುಟ್ಟಿ ನುಣ್ಣಗೆ ಅರೆದು, ತೊಳೆದು, ಆ ಪುಡಿಯನ್ನು ಒದ್ದೆಯಾಗಿಯೇ ಲೋಹದ ಮೇಲೆ ತುಂಬಿ ಕುಲುಮೆಯಲ್ಲಿ ಕಾಯಿಸುತ್ತಾರೆ. ಸುಮಾರು ೮೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಪುಡಿ ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಜಯಪುರದ ಆಭರಣಗಳ ಮೂಲಕ ಪ್ರಸಿದ್ಧವಾಗಿರುವ ಮೀನಾಕಾರಿಯೂ ಇದೇ ತತ್ತ್ವದ ಕೆಲಸ.

ಬೈಜಾಂಟಿಯಂನ ಕಲಾವಿದರು ಚಿನ್ನದ ತಗಡಿನ ಮೇಲೆ ತೆಳ್ಳನೆಯ ಚಿನ್ನದ ಪಟ್ಟಿಗಳನ್ನು ನಿಲ್ಲಿಸಿ ಸಣ್ಣ ಸಣ್ಣ ಕೋಣೆಗಳನ್ನು ಮಾಡಿ, ಅವುಗಳಲ್ಲಿ ಗಾಜನ್ನು ತುಂಬುತ್ತಿದ್ದರು. ಇದಕ್ಕೆ ಕ್ಲುವಾಸೊನೆ ಎಂದು ಹೆಸರು. ಮ್ಯೂಸ್ ಕಣಿವೆಯವರೂ ದಕ್ಷಿಣ ಫ್ರಾನ್ಸಿನ ಲಿಮೋಜ್ ನಗರದವರೂ ಬೇರೆ ದಾರಿ ಹಿಡಿದರು. ದಪ್ಪನೆಯ ತಾಮ್ರದ ತಗಡನ್ನು ತೆಗೆದುಕೊಂಡು, ಗಾಜು ಬೇಕಾದ ಕಡೆ ಉಳಿಯಿಂದ ಕೆತ್ತಿ ತಗ್ಗು ಮಾಡಿ, ಆ ತಗ್ಗಿಗೆ ಗಾಜಿನ ಪುಡಿಯನ್ನು ತುಂಬುವ ಈ ವಿಧಾನಕ್ಕೆ ಶಾಂಪ್‌ಲೆವೆ ಎನ್ನುತ್ತಾರೆ. ಕರಗಿದಾಗ ಗಾಜು ಕುಗ್ಗುವುದರಿಂದ ಮತ್ತೆ ಮತ್ತೆ ತುಂಬಿ ಮತ್ತೆ ಮತ್ತೆ ಕಾಯಿಸಬೇಕು. ಕೊನೆಗೆ ಕಲ್ಲಿನಿಂದ ಉಜ್ಜಿ ಗಾಜನ್ನೂ ಲೋಹವನ್ನೂ ಸಮಮಟ್ಟಕ್ಕೆ ತಂದು, ಕೆತ್ತದೆ ಬಿಟ್ಟ ತಾಮ್ರಕ್ಕೆ ಪಾದರಸದಲ್ಲಿ ಬೆರೆಸಿದ ಚಿನ್ನವನ್ನು ಹಚ್ಚಿ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನದ ಮುಲಾಮು ನಿಲ್ಲುತ್ತದೆ. ಆ ಆವಿ ವಿಷಕಾರಿ.

ಗಾಜು ಎಲ್ಲಿಂದ ಬರುತ್ತಿತ್ತೆಂಬುದೂ ಕುತೂಹಲದ ವಿಷಯ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಥಿಯೋಫಿಲಸ್ ಎಂಬ ಸಂನ್ಯಾಸಿ ಬರೆದ ಕರಕುಶಲ ಗ್ರಂಥವು ಪ್ರಾಚೀನ ಕಟ್ಟಡಗಳ ಮೊಸಾಯಿಕ್‌ಗಳಲ್ಲಿ ದೊರೆಯುವ ಬಣ್ಣದ ಗಾಜಿನ ತುಂಡುಗಳ ಮರುಬಳಕೆಯನ್ನು ಪ್ರಸ್ತಾಪಿಸುತ್ತದೆ. ಆ ಕಾಲದ ಎನಾಮಲ್‌ಗಳ ಆಧುನಿಕ ರಾಸಾಯನಿಕ ಪರೀಕ್ಷೆಯೂ ಇದನ್ನು ಸಮರ್ಥಿಸಿದೆ: ಹಲವು ಎನಾಮಲ್‌ಗಳ ಗಾಜಿನ ಸಂಯೋಜನೆ ಮಧ್ಯಯುಗದ ಗಾಜಿನದಲ್ಲ, ರೋಮನ್ ಗಾಜಿನದು. ರೋಮನ್ನರ ಹಾಳುಬಿದ್ದ ಗೋಡೆಗಳು ಕ್ರೈಸ್ತ ಬಲಿಪೀಠಗಳಿಗೆ ಬಣ್ಣ ಒದಗಿಸಿದ್ದು ಹೀಗೆ.

ನಿಕೋಲಸನಿಗಿಂತ ಹಿಂದಿನವರು ಮನುಷ್ಯಾಕೃತಿಗಳ ಉಡುಪುಗಳನ್ನೇ ಹಸಿರು, ಹಳದಿ, ನೀಲಿ, ಬಿಳಿ ಎನಾಮಲ್‌ಗಳಿಂದ ತುಂಬುವುದು ಸಾಮಾನ್ಯವಾಗಿತ್ತು. ಕ್ಲೋಸ್ಟರ್‌ನೊಯ್‌ಬುರ್ಗ್‌ನಲ್ಲಿ ನಿಕೋಲಸ್ ಇದನ್ನು ಬಹುಮಟ್ಟಿಗೆ ತಿರುವುಮುರುವು ಮಾಡಿದ. ಹಿನ್ನೆಲೆ ಪೂರ್ತಿ ಕಡುನೀಲಿ ಗಾಜು. ಅದರ ಮೇಲೆ ಮನುಷ್ಯರು ಹೊನ್ನಿನ ಬಣ್ಣದ ಲೋಹವಾಗಿಯೇ ನಿಂತಿದ್ದಾರೆ. ಅವರ ಮುಖ, ಕೈ, ಬಟ್ಟೆಯ ಮಡಿಕೆಗಳೆಲ್ಲ ಲೋಹದಲ್ಲಿ ಕೊರೆದ ಗೆರೆಗಳು. ಆ ಗೆರೆಗಳಲ್ಲಿ ನೀಲಿ, ಕೆಲವೆಡೆ ಕೆಂಪು ಎನಾಮಲ್ ತುಂಬಿದೆ. ಅಂದರೆ ಬಣ್ಣ ತುಂಬುವ ಕಲೆಯನ್ನು ಅವನು ರೇಖೆಯ ಕಲೆಯನ್ನಾಗಿ ಮಾಡಿದ. ಗೆರೆ ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ಕೂದಲೆಳೆಯಷ್ಟು ಸಣ್ಣದಾಗಿ, ಲೇಖನಿಯಿಂದ ಎಳೆದಂತೆ ಹರಿಯುತ್ತದೆ. ಆದರೆ ಲೇಖನಿಯ ತಪ್ಪನ್ನು ಕೆರೆದು ಅಳಿಸಬಹುದು. ಉಳಿ ತೆಗೆದ ತಾಮ್ರವನ್ನು ಮತ್ತೆ ಕೂಡಿಸಲಾಗದು. ಈ ಕಷ್ಟವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಆ ರೇಖೆಗಳ ನಿರಾಳತೆ ಇನ್ನೂ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಕ್ಲೋಸ್ಟರ್‌ನೊಯ್‌ಬುರ್ಗ್ ಬಲಿಪೀಠ

ವಿಯೆನ್ನಾ ನಗರದ ಪಕ್ಕದಲ್ಲಿ ಡ್ಯಾನ್ಯೂಬ್ ನದಿಯ ಮೇಲಿರುವ ಕ್ಲೋಸ್ಟರ್‌ನೊಯ್‌ಬುರ್ಗ್, ಬಾಬೆನ್‌ಬರ್ಗ್ ವಂಶದ ಮೂರನೆಯ ಲಿಯೋಪೋಲ್ಡ್ ಸ್ಥಾಪಿಸಿದ ಮಠ. ಅದರ ಚರ್ಚು ೧೧೩೬ರಲ್ಲಿ ಪ್ರತಿಷ್ಠಿತವಾಯಿತು. ಅಗಸ್ಟೀನ್ ಸಂಪ್ರದಾಯದ ಯತಿಗಳು ಅಲ್ಲಿ ವಾಸಿಸುತ್ತಿದ್ದರು. ಮಠಾಧಿಪತಿಯಾಗಿದ್ದ ವೆರ್ನ್‌ಹೆರ್ ಎಂಬವನು ಚರ್ಚಿನೊಳಗಿನ ಉಪದೇಶವೇದಿಕೆಗೆ ಎನಾಮಲ್ ಹೊದಿಕೆಯನ್ನು ಮಾಡಿಸಲು ನಿರ್ಧರಿಸಿ ಆ ಕೆಲಸವನ್ನು ನಿಕೋಲಸನಿಗೆ ವಹಿಸಿದ. ಮ್ಯೂಸ್ ಕಣಿವೆಯಿಂದ ಡ್ಯಾನ್ಯೂಬ್ ತೀರಕ್ಕೆ ಆ ಕಾಲದಲ್ಲಿ ಹಲವು ವಾರಗಳ ಹಾದಿ. ಅಷ್ಟು ದೂರದ ಕುಶಲಕರ್ಮಿಯನ್ನು ಆರಿಸಿಕೊಂಡದ್ದರಿಂದಲೇ ಅವನ ಕೀರ್ತಿ ಅಷ್ಟರಲ್ಲಿ ಎಷ್ಟು ಹರಡಿತ್ತೆಂದು ತಿಳಿಯಬಹುದು.

ಹೊದಿಕೆಯ ಚಿತ್ರಪಟ್ಟಿಗಳ ನಡುವೆ ಹರಿಯುವ ಲ್ಯಾಟಿನ್ ಪದ್ಯಶಾಸನ ೧೧೮೧ನೆಯ ವರ್ಷವನ್ನು ಸೂಚಿಸಿ, ವೆರ್ನ್‌ಹೆರ್ ಈ ಕೃತಿಯನ್ನು ಕನ್ಯೆ ಮರಿಯಳಿಗೆ ಅರ್ಪಿಸಿದನೆಂದೂ ವರ್ಡನ್‌ನ ನಿಕೋಲಸ್ ಇದನ್ನು ಮಾಡಿದನೆಂದೂ ತಿಳಿಸುತ್ತದೆ. ದಾನ ಮಾಡಿದ ಧರ್ಮಗುರುವಿನ ಹೆಸರು ಶಾಸನದಲ್ಲಿರುವುದು ವಾಡಿಕೆ. ಕೆಲಸ ಮಾಡಿದವನ ಹೆಸರು ಅದರ ಜೊತೆಗೆ, ಊರಿನ ಸಮೇತ, ಬರುವುದು ವಾಡಿಕೆಯಲ್ಲ. ನಿಕೋಲಸ್ ಎಂಬೊಬ್ಬ ಇದ್ದನೆಂದು ನಮಗೆ ತಿಳಿದಿರುವುದು ಮೊದಲಿಗೆ ಈ ಒಂದು ಸಾಲಿನಿಂದ.

ಮೂಲ ಹೊದಿಕೆಯಲ್ಲಿ ೪೫ ಚಿತ್ರಫಲಕಗಳಿದ್ದವು. ಒಂದೊಂದೂ ಸಾಧಾರಣ ಪುಸ್ತಕದ ಪುಟದಷ್ಟು ದೊಡ್ಡದು. ಮೂರು ದಳದ ಕಮಾನಿನೊಳಗೆ ಒಂದೊಂದು ಪ್ರಸಂಗ. ಕಮಾನುಗಳ ಸಂದುಗಳಲ್ಲಿ ದೇವದೂತರು, ಪ್ರವಾದಿಗಳು ಮತ್ತು ಸದ್ಗುಣಗಳ ಚಿಕ್ಕ ಆಕೃತಿಗಳಿವೆ. ಫಲಕಗಳನ್ನು ಅಡ್ಡಲಾಗಿ ಮೂರು ಸಾಲುಗಳಲ್ಲಿ ಜೋಡಿಸಲಾಗಿದೆ. ಮೇಲಿನ ಸಾಲು ಮೋಶೆಗೆ ಧರ್ಮಶಾಸ್ತ್ರ ದೊರೆಯುವುದಕ್ಕಿಂತ ಹಿಂದಿನ ಕಾಲದ್ದು. ಕೆಳಗಿನ ಸಾಲು ಧರ್ಮಶಾಸ್ತ್ರ ದೊರೆತ ನಂತರದ ಕಾಲದ್ದು. ನಡುವಿನ ಸಾಲು ಕ್ರಿಸ್ತನ ಕಾಲದ್ದು, ಅಂದರೆ ಕೃಪೆಯ ಕಾಲದ್ದು. ಕ್ರಿಸ್ತನ ಬದುಕಿನ ಪ್ರತಿಯೊಂದು ಘಟನೆಗೂ ಹಳೆಯ ಒಡಂಬಡಿಕೆಯಲ್ಲಿ ಮುನ್ಸೂಚನೆಯಿದೆ ಎಂಬ ಮಧ್ಯಯುಗದ ದೇವಶಾಸ್ತ್ರದ ನಂಬಿಕೆ ಈ ಜೋಡಣೆಗೆ ಆಧಾರ.

ಆದ್ದರಿಂದ ಈ ಕೃತಿಯನ್ನು ಎಡದಿಂದ ಬಲಕ್ಕೆ ಮಾತ್ರವಲ್ಲದೆ ಮೇಲಿನಿಂದ ಕೆಳಕ್ಕೂ ಓದಬೇಕಾಗುತ್ತದೆ. ಇಸಾಕನ ಜನನದ ಸುದ್ದಿ ಅಬ್ರಹಾಮನಿಗೆ, ಯೇಸುವಿನ ಜನನದ ಸುದ್ದಿ ಮರಿಯಳಿಗೆ, ಸಂಸೋನನ ಜನನದ ಸುದ್ದಿ ಅವನ ತಾಯಿಗೆ ತಲುಪುವ ಮೂರು ಚಿತ್ರಗಳು ಒಂದರ ಕೆಳಗೊಂದು ಬರುತ್ತವೆ. ನಡುವೆ ಮೂವರು ಜ್ಞಾನಿಗಳು ಶಿಶುವಿಗೆ ಕಾಣಿಕೆ ತಂದಿದ್ದರೆ, ಕೆಳಗೆ ಶೆಬದ ರಾಣಿ ಸೊಲೊಮೋನನಿಗೆ ಕಾಣಿಕೆ ತಂದಿದ್ದಾಳೆ. ಕ್ರಿಸ್ತನ ಸ್ನಾನದೀಕ್ಷೆಯ ಮೇಲೆ ಇಸ್ರಾಯೇಲರು ಕೆಂಪು ಸಮುದ್ರವನ್ನು ದಾಟುತ್ತಿದ್ದಾರೆ. ಬಾವಿಗೆ ಇಳಿಸಲ್ಪಡುವ ಯೋಸೇಫ, ಸಮಾಧಿಗೆ ಇಳಿಸಲ್ಪಡುವ ಕ್ರಿಸ್ತ, ಮೀನಿನ ಬಾಯಿಗೆ ಬೀಳುವ ಯೋನ ಈ ಮೂವರನ್ನು ಒಂದೇ ನೋಟದಲ್ಲಿ ಕಂಡಾಗ ಕತ್ತಲೆಗೆ ಇಳಿದು ಮರಳಿ ಬರುವವನ ಕಥೆ ಒಂದೇ ಎಂಬುದು ಓದುಬಾರದವರಿಗೂ ಅರ್ಥವಾಗುತ್ತದೆ. ಶಿಲುಬೆಯ ಚಿತ್ರದ ಮೇಲೆ ಇಸಾಕನ ಬಲಿ. ಕೆಳಗೆ ವಾಗ್ದಾನದ ನಾಡಿನಿಂದ ಇಬ್ಬರು ಗೂಢಚಾರರು ದೊಡ್ಡ ದ್ರಾಕ್ಷಿಗೊಂಚಲನ್ನು ಕೋಲಿಗೆ ತೂಗುಹಾಕಿ ಹೊತ್ತು ತರುವ ದೃಶ್ಯ. ಮರಕ್ಕೆ ತೂಗಿದ ಗೊಂಚಲು, ಮರಕ್ಕೆ ತೂಗಿದ ದೇಹ. ಸಾಲಿನ ಕೊನೆಯಲ್ಲಿ ತುತೂರಿ ಊದುವ ದೂತರು, ಸಮಾಧಿಯಿಂದ ಏಳುವ ಮೃತರು, ಅಂತಿಮ ನ್ಯಾಯತೀರ್ಪು, ಸ್ವರ್ಗದ ಯೆರೂಸಲೇಮ್ ಮತ್ತು ನರಕದ ಚಿತ್ರಗಳಿವೆ.

ಇಷ್ಟು ಸಂಕೀರ್ಣವಾದ ಯೋಜನೆಯನ್ನು ರೂಪಿಸಿದವರು ಮಠದ ವಿದ್ವಾಂಸರಾಗಿದ್ದಿರಬೇಕು. ಆದರೆ ಯೋಜನೆ ಒಣ ಪಾಠವಾಗದಂತೆ ಮಾಡಿದವನು ಅಕ್ಕಸಾಲಿಗ. ಅವನ ಮನುಷ್ಯರಿಗೆ ಮೈಯಿದೆ, ಭಾರವಿದೆ. ಬಟ್ಟೆ ಮೈಗೆ ಅಂಟಿಕೊಂಡು ಮೊಣಕಾಲಿನ ಬಳಿ ಬಿಗಿಯುತ್ತದೆ, ಸೊಂಟದ ಬಳಿ ಜೋಲುತ್ತದೆ. ದುಃಖಪಡುವವರು ನಿಜವಾಗಿ ಕುಗ್ಗಿದ್ದಾರೆ, ಓಡುವವರು ನಿಜವಾಗಿ ಓಡುತ್ತಿದ್ದಾರೆ. ರೋಮನೆಸ್ಕ್ ಶೈಲಿಯ ನಿಶ್ಚಲ ಆಕೃತಿಗಳ ನಡುವೆ ಇದು ಹೊಸದು. ಪ್ರಾಚೀನ ರೋಮನ್ ಶಿಲ್ಪಗಳನ್ನೂ ಬೈಜಾಂಟಿಯಂನ ಕೃತಿಗಳನ್ನೂ ನಿಕೋಲಸ್ ಕಣ್ಣಾರೆ ಕಂಡಿದ್ದಿರಬೇಕೆಂದು ವಿದ್ವಾಂಸರು ಈ ಕಾರಣದಿಂದಲೇ ಅಭಿಪ್ರಾಯಪಡುತ್ತಾರೆ.

ಎಲ್ಲ ಫಲಕಗಳೂ ಒಂದೇ ಹದದಲ್ಲಿಲ್ಲ. ಕೆಲವು ಫಲಕಗಳಲ್ಲಿ ಆಕೃತಿಗಳು ಶಾಂತವಾಗಿ, ಅಳೆದಿಟ್ಟಂತೆ ನಿಂತಿವೆ. ಇನ್ನು ಕೆಲವುಗಳಲ್ಲಿ ಅವು ಕಮಾನಿನ ಚೌಕಟ್ಟಿಗೆ ತಾಗುವಷ್ಟು ರಭಸದಿಂದ ಚಲಿಸುತ್ತವೆ. ಕೆಲಸ ಸಾಗಿದಂತೆ ಕಲಾವಿದನ ಕೈ ಬೆಳೆದುದರ ಗುರುತು ಇದು ಎಂದು ಅನೇಕ ಸಂಶೋಧಕರು ವಾದಿಸಿದ್ದಾರೆ. ಸಹಾಯಕರು ಇದ್ದರೆಂಬುದೂ ಸಹಜವೇ. ಪತ್ರಗಳಿಲ್ಲದ, ಲೆಕ್ಕಪುಸ್ತಕಗಳಿಲ್ಲದ ಒಬ್ಬನ ಬದುಕಿನಲ್ಲಿ ಆದ ಬದಲಾವಣೆಯನ್ನು ಓದಲು ಸಿಗುವ ಏಕೈಕ ಪುಟಗಳು ಈ ತಾಮ್ರದ ಫಲಕಗಳೇ.

೧೩೩೦ರ ಬೆಂಕಿ

೧೩೩೦ರ ಸೆಪ್ಟೆಂಬರ್‌ನಲ್ಲಿ ಕ್ಲೋಸ್ಟರ್‌ನೊಯ್‌ಬುರ್ಗ್‌ನಲ್ಲಿ ದೊಡ್ಡ ಬೆಂಕಿ ಬಿದ್ದು ಮಠಕ್ಕೂ ಚರ್ಚಿಗೂ ಅಪಾರ ಹಾನಿಯಾಯಿತು. ಬೆಂಕಿಯಲ್ಲಿ ಹುಟ್ಟಿದ ಗಾಜನ್ನು ಬೆಂಕಿಯೇ ನುಂಗಬಹುದಾಗಿತ್ತು. ಕಾವು ಮಿತಿಮೀರಿದರೆ ಎನಾಮಲ್ ಬಿರಿದು ಉದುರುತ್ತದೆ, ಇಲ್ಲವೆ ಮತ್ತೆ ಕರಗಿ ಹರಿಯುತ್ತದೆ. ನೀರು ಸಾಲದೆ ಮಠದ ದ್ರಾಕ್ಷಾರಸವನ್ನೇ ಸುರಿದು ನಿಕೋಲಸನ ಫಲಕಗಳನ್ನು ಉಳಿಸಿಕೊಂಡರೆಂಬ ಐತಿಹ್ಯವಿದೆ. ಇಂದಿಗೂ ದ್ರಾಕ್ಷಿ ಬೆಳೆದು ಮದ್ಯ ತಯಾರಿಸುವ ಆ ಮಠದ ವಿಷಯದಲ್ಲಿ ಇದು ನಂಬಲು ಕಷ್ಟವಾದ ಮಾತೇನಲ್ಲ.

ಮರುವರ್ಷ, ಅಂದರೆ ೧೩೩೧ರಲ್ಲಿ, ಅಂದಿನ ಮಠಾಧಿಪತಿ ಸ್ಟೀಫನ್ ಫಾನ್ ಸಿಯೆರ್ನ್‌ಡಾರ್ಫ್ ಉಪದೇಶವೇದಿಕೆಯ ಹೊದಿಕೆಯನ್ನು ಬಿಚ್ಚಿಸಿ, ಬಾಗಿಲುಗಳಂತೆ ತೆರೆದು ಮುಚ್ಚುವ ಎರಡು ರೆಕ್ಕೆಗಳುಳ್ಳ ಬಲಿಪೀಠದ ರೂಪಕ್ಕೆ ತಂದ. ಹೊಸ ರೂಪಕ್ಕೆ ೪೫ ಫಲಕಗಳು ಸಾಲದೆ ವಿಯೆನ್ನಾದ ಅಕ್ಕಸಾಲಿಗರಿಂದ ಇನ್ನೂ ೬ ಫಲಕಗಳನ್ನು ಮಾಡಿಸಲಾಯಿತು. ಹೀಗೆ ಈಗ ಒಟ್ಟು ೫೧ ಫಲಕಗಳಿವೆ. ಸೇರಿಸಿದ ಪ್ರಸಂಗಗಳಲ್ಲಿ ಯೂದನು ಮುತ್ತಿಟ್ಟು ಗುರುವನ್ನು ಹಿಡಿದುಕೊಟ್ಟದ್ದು ಒಂದು. ಅದರ ಜೊತೆಗೆ ಕಾಯಿನನು ಹೇಬೆಲನನ್ನು ಕೊಂದದ್ದು ಮತ್ತು ಯೋವಾಬನು ಅಬ್ನೇರನನ್ನು ಕೊಂದದ್ದು ಮೇಲೆ ಕೆಳಗೆ ಬಂದಿವೆ. ಇನ್ನೊಂದು ಗುಂಪಿನ ನಡುವೆ ಕ್ರಿಸ್ತನ ದೇಹವನ್ನು ಶಿಲುಬೆಯಿಂದ ಇಳಿಸುವ ಪ್ರಸಂಗವಿದೆ. ನೂರೈವತ್ತು ವರ್ಷ ಹಿಂದಿನವನ ರೀತಿಯನ್ನು ಅನುಸರಿಸಲು ವಿಯೆನ್ನಾದವರು ಪ್ರಾಮಾಣಿಕವಾಗಿ ಪ್ರಯತ್ನಿಸಿದ್ದಾರೆ, ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯದು. ಹತ್ತಿರ ಹೋದಾಗ ಆಕೃತಿಗಳಲ್ಲಿ ಭಾರ ಇಲ್ಲದಿರುವುದು ಕಾಣುತ್ತದೆ. ಈ ಮಾರ್ಪಾಡಿನ ವಿವರವನ್ನೂ ಶಾಸನಕ್ಕೆ ಸೇರಿಸಲಾಯಿತು. ಬಲಿಪೀಠದ ಹಿಂಭಾಗಕ್ಕೆ ಆಗ ಬರೆಸಿದ ವರ್ಣಚಿತ್ರಗಳು ಆಸ್ಟ್ರಿಯದ ಅತ್ಯಂತ ಹಳೆಯ ಫಲಕಚಿತ್ರಗಳ ಸಾಲಿಗೆ ಸೇರುತ್ತವೆ.

ಕಲೋನ್‌ನ ಮೂವರು ರಾಜರ ಮಂಜೂಷ

ಬೆತ್ಲೆಹೇಮಿಗೆ ಬಂದ ಮೂವರು ಜ್ಞಾನಿಗಳದೆಂದು ನಂಬಲಾದ ಅಸ್ಥಿಗಳನ್ನು ಮಹಾಧರ್ಮಾಧ್ಯಕ್ಷ ರೈನಾಲ್ಡ್ ಫಾನ್ ಡಾಸೆಲ್ ೧೧೬೪ರಲ್ಲಿ ಇಟಲಿಯ ಮಿಲಾನ್‌ನಿಂದ ಕಲೋನ್‌ಗೆ ತಂದ. ಮಿಲಾನ್ ನಗರವನ್ನು ಗೆದ್ದ ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸಾ ಅವುಗಳನ್ನು ಅವನಿಗೆ ಕೊಟ್ಟಿದ್ದ. ಕಲೋನ್ ಯಾತ್ರಾಸ್ಥಳವಾಯಿತು. ಆ ಅಸ್ಥಿಗಳಿಗಾಗಿ ಶತಮಾನದ ಕೊನೆಯ ದಶಕಗಳಲ್ಲಿ ಆರಂಭವಾಗಿ ಸುಮಾರು ೧೨೨೫ರವರೆಗೆ ನಡೆದ ಕೆಲಸದ ಫಲವೇ ಈ ಮಂಜೂಷ. ಎರಡು ಪೆಟ್ಟಿಗೆಗಳ ಮೇಲೆ ಮೂರನೆಯದನ್ನು ಇರಿಸಿದಂತೆ, ಚರ್ಚಿನ ಆಕಾರದಲ್ಲಿ ಕಟ್ಟಿದ ಇದು ಸುಮಾರು ೨.೨ ಮೀಟರ್ ಉದ್ದ, ೧.೧ ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರವಿದ್ದು, ಮಧ್ಯಯುಗದಿಂದ ಉಳಿದು ಬಂದಿರುವ ಇಂತಹ ಮಂಜೂಷಗಳಲ್ಲಿ ಬಹು ದೊಡ್ಡದು. ಇದರ ಮೇಲೆ ಸಾವಿರಕ್ಕೂ ಹೆಚ್ಚು ರತ್ನ ಮತ್ತು ಮುತ್ತುಗಳಿವೆ. ಅವುಗಳಲ್ಲಿ ಮುನ್ನೂರರಷ್ಟು ಪ್ರಾಚೀನ ಗ್ರೀಕ್ ಮತ್ತು ರೋಮನ್ ಕೆತ್ತನೆಯ ರತ್ನಗಳು.

ಇಲ್ಲಿ ನಿಕೋಲಸನ ಹೆಸರು ಎಲ್ಲಿಯೂ ಬರೆದಿಲ್ಲ. ಹಲವು ದಶಕ ಹಲವರು ದುಡಿದ ಈ ಮಂಜೂಷದಲ್ಲಿ ಅವನ ಪಾಲನ್ನು ಗುರುತಿಸುವುದು ಶೈಲಿಯ ಹೋಲಿಕೆಯಿಂದ ಮಾತ್ರ ಸಾಧ್ಯವಾಗಿದೆ. ಉದ್ದನೆಯ ಎರಡು ಪಕ್ಕಗಳ ಕೆಳಸಾಲಿನಲ್ಲಿ ಕುಳಿತಿರುವ ಮೋಶೆ, ದಾನಿಯೇಲ, ಯೋನ, ಹಬಕ್ಕೂಕ ಮೊದಲಾದವರ ಆಕೃತಿಗಳು ಅವನವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇವು ತಗಡನ್ನು ಹಿಂದಿನಿಂದ ತಟ್ಟಿ ಉಬ್ಬಿಸಿದ ಪ್ರತಿಮೆಗಳು. ಕ್ಲೋಸ್ಟರ್‌ನೊಯ್‌ಬುರ್ಗ್‌ನಲ್ಲಿ ರೇಖೆಯಲ್ಲಿ ಮಾಡಿದ್ದನ್ನು ಅವನು ಇಲ್ಲಿ ಪೂರ್ಣ ಶಿಲ್ಪದಲ್ಲಿ ಮಾಡಿದ್ದಾನೆ. ಒಬ್ಬ ಪ್ರವಾದಿ ಆಲೋಚನೆಯಲ್ಲಿ ತಲೆ ಬಾಗಿಸಿದ್ದರೆ ಇನ್ನೊಬ್ಬ ಯಾರೋ ಕರೆದಂತೆ ಥಟ್ಟನೆ ತಿರುಗಿದ್ದಾನೆ. ಇಲ್ಲಿಯ ಎನಾಮಲ್ ಕೆಲಸವು ಕಮಾನು ಕಂಬಗಳಿಗೂ ಅಂಚುಪಟ್ಟಿಗಳಿಗೂ ಸರಿದು ಶಿಲ್ಪಕ್ಕೆ ಆವರಣವಾಗಿದೆ. ಆಕೃತಿಗಳ ಮುಂದಿನ ಪಕ್ಕದಲ್ಲಿ, ಶಿಶುವಿಗೆ ನಮಿಸುವ ಮೂವರು ರಾಜರ ಹಿಂದೆ, ನಾಲ್ಕನೆಯವನಾಗಿ ರಾಜ ನಾಲ್ಕನೆಯ ಒಟ್ಟೊ ನಿಂತಿದ್ದಾನೆ. ೧೨೦೦ರ ಸುಮಾರಿಗೆ ಮೂರು ಚಿನ್ನದ ಕಿರೀಟಗಳನ್ನು ಕಾಣಿಕೆ ಕೊಟ್ಟದ್ದರಿಂದ ಅವನಿಗೆ ಆ ಸ್ಥಾನ ಸಿಕ್ಕಿತು. ಆ ಮುಂಭಾಗ ಬೇರೆ ಕೈಗಳ ಕೆಲಸ.

ಕಲೋನ್‌ನ ಈಗಿನ ಬೃಹತ್ ಗಾಥಿಕ್ ಕೆಥೆಡ್ರಲಿಗೆ ೧೨೪೮ರಲ್ಲಿ ಅಡಿಗಲ್ಲು ಬಿದ್ದದ್ದೇ ಈ ಅಸ್ಥಿಗಳಿಗೆ ತಕ್ಕ ಆಲಯ ಬೇಕೆಂಬ ಆಸೆಯಿಂದ. ೧೭೯೪ರಲ್ಲಿ ಫ್ರೆಂಚ್ ಕ್ರಾಂತಿಯ ಸೈನ್ಯ ಸಮೀಪಿಸಿದಾಗ ಮಂಜೂಷವನ್ನು ಬಿಡಿ ಭಾಗಗಳಾಗಿ ಬೇರೆಡೆಗೆ ಸಾಗಿಸಲಾಯಿತು. ಮರಳಿ ಬಂದಾಗ ಹಲವು ಭಾಗಗಳು ಕಳೆದುಹೋಗಿದ್ದವು. ೧೮೦೭ರಲ್ಲಿ ಉದ್ದವನ್ನು ಕಡಿಮೆ ಮಾಡಿ ಜೋಡಿಸಿದ್ದಲ್ಲದೆ ಪ್ರವಾದಿಗಳ ಸ್ಥಾನಗಳೂ ಅದಲುಬದಲಾದವು. ೧೯೬೧ರಿಂದ ೧೯೭೩ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಮೂಲ ಉದ್ದವನ್ನು ಮತ್ತೆ ತರಲಾಯಿತು. ಮಂಜೂಷ ಈಗ ಕೆಥೆಡ್ರಲಿನ ಪ್ರಧಾನ ಬಲಿಪೀಠದ ಹಿಂದೆ ಗಾಜಿನ ಆವರಣದಲ್ಲಿದೆ.

ಟೂರ್ನೆ ಮತ್ತು ಕೊನೆಯ ದಾಖಲೆ

ನಿಕೋಲಸನ ಹೆಸರು ಎರಡನೆಯ ಮತ್ತು ಕೊನೆಯ ಬಾರಿ ಕಾಣಿಸುವುದು ಟೂರ್ನೆಯಲ್ಲಿ. ಅಲ್ಲಿಯ ಮಾತೆ ಮರಿಯಳ ಮಂಜೂಷದ ಶಾಸನವು ೧೨೦೫ರಲ್ಲಿ ಕೆಲಸ ಮುಗಿಯಿತೆಂದೂ, ಮಾಡಿದವನು ವರ್ಡನ್‌ನ ಗುರು ನಿಕೋಲಸ್ ಎಂದೂ, ಇದಕ್ಕೆ ೧೦೯ ಮಾರ್ಕ್ ತೂಕದ ಬೆಳ್ಳಿ ಮತ್ತು ೬ ಮಾರ್ಕ್ ತೂಕದ ಚಿನ್ನ ಹಿಡಿಯಿತೆಂದೂ ಹೇಳುತ್ತಿತ್ತು. ಮೊದಲ ಶಾಸನದಲ್ಲಿ ಕೇವಲ ನಿಕೋಲಸ್ ಆಗಿದ್ದವನು ಇಪ್ಪತ್ತನಾಲ್ಕು ವರ್ಷಗಳ ನಂತರ ಗುರುವೆಂಬ ಗೌರವ ಪಡೆದಿದ್ದಾನೆ. ಕ್ರಿಸ್ತನ ಮತ್ತು ಮರಿಯಳ ಜೀವನದ ಪ್ರಸಂಗಗಳನ್ನು ಇಲ್ಲಿ ದುಂಡು ಚೌಕಟ್ಟುಗಳೊಳಗೆ ಉಬ್ಬುಶಿಲ್ಪವಾಗಿ ಮಾಡಲಾಗಿದೆ. ದುರದೃಷ್ಟವಶಾತ್ ಹತ್ತೊಂಬತ್ತನೆಯ ಶತಮಾನದ ಅತಿಯಾದ ಜೀರ್ಣೋದ್ಧಾರದಿಂದ ಇದರ ಮೂಲರೂಪ ಬಹಳಷ್ಟು ಮಸುಕಾಗಿದೆ. ಕಳೆದುಹೋದ ಭಾಗಗಳನ್ನು ಹೊಸದಾಗಿ ಮಾಡಿ ಸೇರಿಸಿದ್ದರಿಂದ ನಿಕೋಲಸನ ಕೈ ಎಲ್ಲಿ ಮುಗಿಯಿತು, ಪುನರ್ನಿರ್ಮಾಪಕರ ಕೈ ಎಲ್ಲಿ ಆರಂಭವಾಯಿತು ಎಂದು ಬೇರ್ಪಡಿಸುವುದು ಕಷ್ಟ.

೧೨೦೫ರ ನಂತರ ಅವನ ಸುಳಿವಿಲ್ಲ. ಸೀಗ್‌ಬುರ್ಗ್‌ನ ಸಂತ ಆನ್ನೊ ಮಂಜೂಷ, ಮಿಲಾನ್ ಕೆಥೆಡ್ರಲಿನ ಏಳು ಕವಲುಗಳ ಕಂಚಿನ ದೀಪಸ್ತಂಭ ಮೊದಲಾದವುಗಳನ್ನೂ ಅವನಿಗೋ ಅವನ ಪರಿವಾರಕ್ಕೋ ಸೇರಿಸುವ ಪ್ರಯತ್ನಗಳು ನಡೆದಿವೆ. ದೊಡ್ಡ ಹೆಸರೊಂದು ಸಿಕ್ಕರೆ ಅನಾಮಧೇಯ ಕೃತಿಗಳೆಲ್ಲ ಅದರ ನೆರಳಿಗೆ ಸರಿಯುವುದು ಕಲಾ ಇತಿಹಾಸದಲ್ಲಿ ಹೊಸದಲ್ಲ. ಇವುಗಳ ವಿಷಯದಲ್ಲಿ ಒಮ್ಮತವಿಲ್ಲ.

ಪ್ರಭಾವ ಮತ್ತು ಉಳಿವು

ತೊಟ್ಟಿಯಂತೆ ತಗ್ಗಾದ, ಮೃದುವಾಗಿ ಹರಿಯುವ ಬಟ್ಟೆಯ ಮಡಿಕೆಗಳ ಶೈಲಿ ೧೨೦೦ರ ಆಸುಪಾಸಿನಲ್ಲಿ ಉತ್ತರ ಯುರೋಪಿನಾದ್ಯಂತ ಹರಡಿತು. ಡೆನ್ಮಾರ್ಕಿನ ರಾಜಕುಮಾರಿ ಹಾಗೂ ಫ್ರಾನ್ಸಿನ ರಾಣಿ ಇಂಗೆಬೋರ್ಗಳ ಕೀರ್ತನಗ್ರಂಥದ ಚಿತ್ರಗಳಲ್ಲಿ, ಷಾರ್ಟ್ರ್ ಕೆಥೆಡ್ರಲಿನ ಉತ್ತರ ದ್ವಾರದ ಶಿಲ್ಪಗಳಲ್ಲಿ, ವಿಲಾರ್ ದ ಒನೆಕೂರ್‌ನ ರೇಖಾಪುಸ್ತಕದಲ್ಲಿ ಇದನ್ನು ಕಾಣಬಹುದು. ರೋಮನೆಸ್ಕ್ ಮತ್ತು ಗಾಥಿಕ್ ಯುಗಗಳ ನಡುವಿನ ಈ ಅಲ್ಪಕಾಲದ ಶೈಲಿಗೆ ದಾರಿ ತೆರೆದವರಲ್ಲಿ ನಿಕೋಲಸನೇ ಪ್ರಮುಖನೆಂಬ ಮಾತನ್ನು ವಿದ್ವಾಂಸರು ಸಾಕಷ್ಟು ಬಲವಾಗಿಯೇ ಹೇಳುತ್ತಾರೆ. ೧೯೭೦ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ೧೨೦೦ನೆಯ ವರ್ಷದ ಕಲೆಯ ಕುರಿತು ನಡೆದ ಪ್ರದರ್ಶನ ಮತ್ತು ೧೯೭೨ರಲ್ಲಿ ಕಲೋನ್‌ನಲ್ಲಿ ರೈನ್ ಹಾಗೂ ಮ್ಯೂಸ್ ಪ್ರದೇಶಗಳ ಕಲೆಯ ಕುರಿತು ನಡೆದ ಪ್ರದರ್ಶನ ಇವನ ಸ್ಥಾನವನ್ನು ಮತ್ತೆ ಚರ್ಚೆಗೆ ತಂದವು.

ಅವನ ಎನಾಮಲ್ ವಿಧಾನಕ್ಕೆ ಮಾತ್ರ ನೇರ ಉತ್ತರಾಧಿಕಾರಿಗಳು ಕಡಿಮೆ. ಹದಿಮೂರನೆಯ ಶತಮಾನದಲ್ಲಿ ಲಿಮೋಜ್‌ನ ಕಾರ್ಯಾಗಾರಗಳು ತಾಮ್ರದ ಎನಾಮಲ್ ವಸ್ತುಗಳನ್ನು ಬಹುಸಂಖ್ಯೆಯಲ್ಲಿ ತಯಾರಿಸಿ ಯುರೋಪಿಗೆಲ್ಲ ಮಾರಿದವು. ಆ ಶತಮಾನದ ಅಂತ್ಯಕ್ಕೆ ಇಟಲಿಯ ಸಿಯೆನಾದ ಅಕ್ಕಸಾಲಿಗರು ಬೆಳ್ಳಿಯ ಉಬ್ಬುಕೆತ್ತನೆಯ ಮೇಲೆ ಪಾರದರ್ಶಕ ಎನಾಮಲ್ ಹರಡುವ ಹೊಸ ವಿಧಾನವನ್ನು ತಂದರು; ಅಭಿರುಚಿ ಆ ಕಡೆಗೆ ತಿರುಗಿತು.

ಮಧ್ಯಯುಗದ ಚಿನ್ನ ಬೆಳ್ಳಿಯ ಕೃತಿಗಳಲ್ಲಿ ಬಹುಪಾಲು ಉಳಿದಿಲ್ಲ. ಯುದ್ಧದ ಖರ್ಚಿಗೆ, ಸಾಲ ತೀರಿಸುವುದಕ್ಕೆ, ಕೆಲವೊಮ್ಮೆ ಹೊಸ ಫ್ಯಾಷನ್ನಿನ ಪಾತ್ರೆ ಮಾಡಿಸುವುದಕ್ಕೆ ಅವ�ನ್ನು ಕರಗಿಸಲಾಯಿತು. ಸುಜೆಯ ಮಹಾ ಶಿಲುಬೆಯ ಚಿನ್ನಕ್ಕೂ ಅದೇ ಗತಿಯಾಯಿತು. ಕ್ಲೋಸ್ಟರ್‌ನೊಯ್‌ಬುರ್ಗ್‌ನ ಫಲಕಗಳು ಮುಲಾಮು ಹಾಕಿದ ತಾಮ್ರದವು. ಕರಗಿಸಿದರೆ ಹುಟ್ಟುವ ಲಾಭ ಅತ್ಯಲ್ಪ. ನಿಕೋಲಸನ ಅತ್ಯಂತ ಸಂಪೂರ್ಣ ಕೃತಿ ನಮ್ಮವರೆಗೆ ಬಂದುದಕ್ಕೆ ಅದರ ಲೋಹದ ಅಗ್ಗದ ಬೆಲೆಯೂ ಒಂದು ಕಾರಣ. ೧೪೮೫ರಲ್ಲಿ ಸಂತನೆಂದು ಘೋಷಿತನಾದ ಸ್ಥಾಪಕ ಲಿಯೋಪೋಲ್ಡನ ಅಸ್ಥಿಗಳಿರುವ ಪ್ರಾರ್ಥನಾಮಂದಿರದಲ್ಲಿ ಆ ಬಲಿಪೀಠ ಇಂದಿಗೂ ಇದೆ. ಟೂರ್ನೆಯ ಮಂಜೂಷವನ್ನು ಪ್ರತಿವರ್ಷ ಸೆಪ್ಟೆಂಬರ್‌ನಲ್ಲಿ ನಗರದ ಬೀದಿಗಳಲ್ಲಿ ಮೆರವಣಿಗೆ ಮಾಡುವ ಸಂಪ್ರದಾಯ ನಡೆದುಬಂದಿದೆ.